ಟೋಲಿನ ಲೆಕ್ಕ ಮತ್ತು ಜೀವದ ಲೆಕ್ಕ

ಉಡುಪಿ ಮತ್ತು ಕುಂದಾಪುರದ ನಡುವೆ ರಾಷ್ಟ್ರೀಯ ಹೆದ್ದಾರಿ 66ರ ಮೇಲಿರುವ ಸಾಸ್ತಾನದ ಹೆಸರು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಅದು ಅಲ್ಲಿನ ಗುಂಡ್ಮಿಯ ಟೋಲ್ ಕೇಂದ್ರ. 2017ರ ಫೆಬ್ರವರಿಯಲ್ಲಿ ಅಲ್ಲಿ ಸುಂಕ ವಸೂಲಿ ಆರಂಭವಾದಾಗ ಹೆದ್ದಾರಿಯ ಕಾಮಗಾರಿಯೇ ಪೂರ್ಣಗೊಂಡಿರಲಿಲ್ಲ. ಮುಗಿಯದ ರಸ್ತೆಗೆ ಹಣ ಕೊಡುವುದೇಕೆ ಎಂದು ಜನರು ಬೀದಿಗಿಳಿದರು. ಹೆದ್ದಾರಿ ಜಾಗೃತಿ ಸಮಿತಿಯ ಮುಂದಾಳತ್ವದಲ್ಲಿ ಧರಣಿ, ಬಂದ್, ಮಾತುಕತೆಗಳು ನಡೆದವು. ಕೋಟ ಜಿಲ್ಲಾ ಪಂಚಾಯತ್ ಕ್ಷೇತ್ರದ ಸ್ಥಳೀಯ ವಾಹನಗಳಿಗೆ ವಿನಾಯಿತಿ ದೊರಕಿತು. ಆ ವಿನಾಯಿತಿಯನ್ನು ಮೊಟಕುಗೊಳಿಸುವ ಪ್ರಯತ್ನ ನಡೆದಾಗಲೆಲ್ಲ ಜನರು ಮತ್ತೆ ಒಂದುಗೂಡಿದರು. ಈ ಹೋರಾಟ ನ್ಯಾಯವಾದದ್ದು. ಹಿಂದೂ, ಮುಸ್ಲಿಮ್, ಕ್ರೈಸ್ತ ಎಂಬ ಭೇದವಿಲ್ಲದೆ, ಪಕ್ಷಗಳ ಗೋಡೆಯನ್ನೂ ದಾಟಿ ಜನರು ಜೊತೆಗೂಡಿದ ಅಪರೂಪದ ಹೋರಾಟಗಳಲ್ಲಿ ಅದೂ ಒಂದು. ಕರಾವಳಿಯ ಇಂದಿನ ವಾತಾವರಣದಲ್ಲಿ ಇದು ಸಣ್ಣ ಸಂಗತಿಯೇನೂ ಅಲ್ಲ.

ಆದರೆ ಇಲ್ಲೊಂದು ಪ್ರಶ್ನೆಯನ್ನು ನಾವು ಕೇಳಿಕೊಳ್ಳಲೇಬೇಕಾಗಿದೆ. ಟೋಲಿನ ಕೆಲವು ರೂಪಾಯಿಗಾಗಿ ಸೇರುವ ಜನಸಮೂಹ ಅದೇ ರಸ್ತೆಯಲ್ಲಿ ಚೆಲ್ಲುವ ರಕ್ತಕ್ಕಾಗಿ ಏಕೆ ಸೇರುವುದಿಲ್ಲ? ಶುಲ್ಕ ಏರಿದ ದಿನ ಮನವಿಪತ್ರ ಸಿದ್ಧವಾಗುತ್ತದೆ. ಅಪಘಾತ ನಡೆದ ದಿನ ಒಂದು ಗಂಟೆ ರಸ್ತೆ ತಡೆ ನಡೆದು, ಮರುದಿನ ಎಲ್ಲವೂ ಮರೆತುಹೋಗುತ್ತದೆ. ಮೃತನ ಮನೆಯವರನ್ನು ಬಿಟ್ಟರೆ ಉಳಿದವರಿಗೆ ಅದು 'ವಿಧಿ'. ವಿಧಿಯ ಹೆಸರಿನಲ್ಲಿ ಇಂಜಿನಿಯರನ ತಪ್ಪು, ಅಧಿಕಾರಿಯ ಉದಾಸೀನ, ಚಾಲಕನ ಅಹಂಕಾರ, ಹೆತ್ತವರ ಸಡಿಲಿಕೆ ಎಲ್ಲವೂ ಮಾಫಿಯಾಗಿಬಿಡುತ್ತವೆ.

ಕೇಂದ್ರ ಸಾರಿಗೆ ಸಚಿವಾಲಯದ ಅಂಕಿಅಂಶಗಳನ್ನು ನೋಡೋಣ. 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳು ನಡೆದವು. 1,68,491 ಮಂದಿ ಪ್ರಾಣ ಕಳೆದುಕೊಂಡರು. ಅಂದರೆ ದಿನವೊಂದಕ್ಕೆ ಸುಮಾರು 460 ಸಾವು. ಯಾವುದಾದರೂ ಗಲಭೆಯಲ್ಲೋ ಸ್ಫೋಟದಲ್ಲೋ ಒಂದೇ ದಿನ ಇಷ್ಟು ಮಂದಿ ಸತ್ತಿದ್ದರೆ ಸರಕಾರಗಳು ಅಲುಗಾಡುತ್ತಿದ್ದವು. ಇವರಲ್ಲಿ 50,029 ಮಂದಿ ಹೆಲ್ಮೆಟ್ ಧರಿಸದ ಬೈಕ್ ಸವಾರರು ಮತ್ತು ಹಿಂಬದಿ ಸವಾರರು. ದೇಶದ ಒಟ್ಟು ರಸ್ತೆಯ ಉದ್ದದಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಪಾಲು ಶೇಕಡಾ ಎರಡರ ಆಸುಪಾಸಿನಲ್ಲಿದೆ. ಆದರೆ ಸಾವಿನಲ್ಲಿ ಅವುಗಳ ಪಾಲು ಮೂರನೇ ಒಂದಕ್ಕಿಂತಲೂ ಹೆಚ್ಚು. ನಾವು 'ಅಭಿವೃದ್ಧಿ' ಎಂದು ಕರೆಯುವ ಅಗಲವಾದ ರಸ್ತೆಗಳೇ ಅತ್ಯಂತ ಹೆಚ್ಚು ಜೀವಗಳನ್ನು ಬಲಿ ಪಡೆಯುತ್ತಿವೆ ಎಂಬುದನ್ನು ಈ ಲೆಕ್ಕ ಹೇಳುತ್ತದೆ.

ಕುಂದಾಪುರ ಮತ್ತು ಬೈಂದೂರಿನ ಜನರಿಗೆ ಇದನ್ನು ಅಂಕಿಗಳಲ್ಲಿ ವಿವರಿಸಬೇಕಾಗಿಲ್ಲ. 2016ರ ಜೂನ್ 21ರ ಬೆಳಿಗ್ಗೆ ತ್ರಾಸಿ ಸಮೀಪದ ಮೊವಾಡಿ ಕ್ರಾಸ್‌ನಲ್ಲಿ ಶಾಲಾ ಮಕ್ಕಳನ್ನು ತುಂಬಿಕೊಂಡಿದ್ದ ಓಮ್ನಿ ವ್ಯಾನಿಗೆ ಖಾಸಗಿ ಬಸ್ಸು ಢಿಕ್ಕಿ ಹೊಡೆದು ಎಂಟು ಮಕ್ಕಳು ಮೃತಪಟ್ಟರು. ಅಷ್ಟು ಸಣ್ಣ ವಾಹನದಲ್ಲಿ ಅದರ ಸಾಮರ್ಥ್ಯಕ್ಕಿಂತ ಎಷ್ಟೋ ಹೆಚ್ಚು ಮಕ್ಕಳಿದ್ದರು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್ ಕೇಂದ್ರದಲ್ಲಿ ಮಳೆಗೆ ಒದ್ದೆಯಾಗಿದ್ದ ರಸ್ತೆಯಲ್ಲಿ ಜಾರಿ, ಸುತ್ತಿ ತಿರುಗಿ ಅಪ್ಪಳಿಸಿತು. ಸಿಬ್ಬಂದಿ ಅಡ್ಡವಿಟ್ಟಿದ್ದ ಬ್ಯಾರಿಕೇಡ್‌ಗಳನ್ನು ತೆಗೆಯಲು ಧಾವಿಸುತ್ತಿದ್ದ ದೃಶ್ಯ ಸಿಸಿ ಕ್ಯಾಮೆರಾದಲ್ಲಿ ದಾಖಲಾಗಿ ದೇಶವೆಲ್ಲ ಅದನ್ನು ನೋಡಿತು. ನಾಲ್ವರು ಮೃತಪಟ್ಟರು. ಜೀವ ಉಳಿಸಲೆಂದು ಹೊರಟ ವಾಹನವೇ ಜೀವ ತೆಗೆಯಿತು.

ಈ ಎರಡು ದುರಂತಗಳನ್ನು ಎದುರುಬದುರಾಗಿಟ್ಟು ನೋಡಿದರೆ ರಸ್ತೆ ಸುರಕ್ಷತೆಯ ಎರಡು ಮುಖಗಳು ಕಾಣಿಸುತ್ತವೆ. ಒಂದು, ಸರಕಾರ ಮತ್ತು ವ್ಯವಸ್ಥೆಯ ಹೊಣೆ. ಇನ್ನೊಂದು, ನಮ್ಮ ಹೊಣೆ. ಒಂದನ್ನು ಹೇಳಿ ಇನ್ನೊಂದನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ.

ಮೊದಲು ವ್ಯವಸ್ಥೆಯ ಮಾತು. ಹೊನ್ನಾವರದ ರೋಗಿಯೊಬ್ಬರು ತುರ್ತು ಚಿಕಿತ್ಸೆಗಾಗಿ ಜಿಲ್ಲೆಯ ಗಡಿ ದಾಟಿ ಅಷ್ಟು ದೂರ ಬರಬೇಕಾದುದು ಏಕೆ? ಉತ್ತರ ಕನ್ನಡದಲ್ಲಿ ಸುಸಜ್ಜಿತ ಆಸ್ಪತ್ರೆಯಿಲ್ಲ ಎಂಬ ಕೂಗು ಆ ದುರಂತದ ಬೆನ್ನಿಗೇ ದೊಡ್ಡದಾಗಿ ಎದ್ದಿತು. ಆಸ್ಪತ್ರೆಯ ಕೊರತೆಯನ್ನು ಆಂಬುಲೆನ್ಸಿನ ವೇಗದಿಂದ ತುಂಬಿಸಲು ಹೊರಟಾಗ ಆಗುವುದು ಇದೇ. ಅದೇ ರೀತಿ, ಉದ್ದಕ್ಕೂ ಪೇಟೆ, ಶಾಲೆ, ಮಸೀದಿ, ದೇವಸ್ಥಾನ, ಚರ್ಚ್, ಮೀನು ಮಾರುಕಟ್ಟೆಗಳಿರುವ ಕರಾವಳಿಯಲ್ಲಿ ಊರನ್ನೇ ಸೀಳಿಕೊಂಡು ಚತುಷ್ಪಥ ಹಾಕಲಾಯಿತು. ಕೋಟ, ಸಾಲಿಗ್ರಾಮ, ಸಾಸ್ತಾನ, ಬ್ರಹ್ಮಾವರ ಇವೆಲ್ಲ ಹೆದ್ದಾರಿಯ ಎರಡು ಬದಿಗೂ ಹರಡಿದ ಊರುಗಳು. ಮನೆ ಒಂದು ಕಡೆ, ಶಾಲೆ ಇನ್ನೊಂದು ಕಡೆ. ಇಂಥಲ್ಲಿ ಸರ್ವಿಸ್ ರಸ್ತೆ ಅರ್ಧಕ್ಕೆ ನಿಂತರೆ, ದಾಟಲು ಕೆಳಸೇತುವೆ ಇಲ್ಲದಿದ್ದರೆ, ತಿರುವು ಒಂದೆರಡು ಕಿಲೋಮೀಟರ್ ದೂರವಿದ್ದರೆ ಸ್ಕೂಟರಿನವನು ವಿರುದ್ಧ ದಿಕ್ಕಿನಲ್ಲಿ ಬರುತ್ತಾನೆ, ವೃದ್ಧೆ ಡಿವೈಡರ್ ಏರಿ ಇಳಿಯುತ್ತಾಳೆ. ತಪ್ಪು ಅವರದೇ. ಆದರೆ ಆ ತಪ್ಪಿಗೆ ದಾರಿ ಮಾಡಿಕೊಟ್ಟವರು ನಕ್ಷೆ ಬರೆದವರು. ಇದರೊಂದಿಗೆ ಬೀದಿದೀಪ ಉರಿಯದ ಕತ್ತಲೆ, ರಸ್ತೆಯಲ್ಲಿ ಮಲಗುವ ಬೀಡಾಡಿ ದನಗಳು, ಮೀನಿನ ಲಾರಿಗಳಿಂದ ಸುರಿಯುವ ನೀರಿಗೆ ಜಾರುವ ಬೈಕುಗಳು, ಸಮಯ ಪಾಲನೆಯ ಹೆಸರಿನಲ್ಲಿ ಪೈಪೋಟಿಗಿಳಿಯುವ ಬಸ್ಸುಗಳು ಇವೆಲ್ಲ ಸೇರಿಕೊಂಡರೆ ಇನ್ನೇನಾದೀತು?

ಸಚಿವಾಲಯದ ಲೆಕ್ಕದಲ್ಲಿ ಒಂದು ಸ್ಥಳವನ್ನು 'ಬ್ಲ್ಯಾಕ್ ಸ್ಪಾಟ್' ಎಂದು ಗುರುತಿಸಬೇಕಾದರೆ ಸುಮಾರು 500 ಮೀಟರ್ ಅಂತರದಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯಗಳ ಐದು ಅಪಘಾತಗಳಾದರೂ ನಡೆಯಬೇಕು, ಇಲ್ಲವೇ ಹತ್ತು ಮಂದಿ ಸಾಯಬೇಕು. ಅಪಾಯ ಎಲ್ಲಿದೆಯೆಂದು ಆ ಊರಿನ ಅಂಗಡಿಯವನಿಗೆ, ರಿಕ್ಷಾ ಚಾಲಕನಿಗೆ, ಶಾಲೆಯ ಶಿಕ್ಷಕನಿಗೆ ಮೊದಲ ದಿನವೇ ಗೊತ್ತಿರುತ್ತದೆ. ಆದರೆ ಕಡತಕ್ಕೆ ಗೊತ್ತಾಗಲು ಹೆಣಗಳು ಬೇಕು.

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಂದ ತಿದ್ದುಪಡಿಯು ದಂಡದ ಮೊತ್ತವನ್ನು ಏರಿಸಿದ್ದಕ್ಕಾಗಿ ಚರ್ಚೆಯಾಯಿತು. ಆದರೆ ಅದೇ ತಿದ್ದುಪಡಿಯಲ್ಲಿ 198ಎ ಎಂಬ ಕಲಮೂ ಸೇರಿದೆ ಎಂಬುದು ಹೆಚ್ಚಿನವರಿಗೆ ತಿಳಿಯದು. ರಸ್ತೆಯ ವಿನ್ಯಾಸ, ನಿರ್ಮಾಣ ಅಥವಾ ನಿರ್ವಹಣೆಯಲ್ಲಿ ನಿಗದಿತ ಸುರಕ್ಷತಾ ಮಾನದಂಡಗಳನ್ನು ಪಾಲಿಸದೆ, ಅದರಿಂದ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆಗಾರ ಪ್ರಾಧಿಕಾರ ಅಥವಾ ಗುತ್ತಿಗೆದಾರನಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಕಾನೂನಿನಲ್ಲಿ ಇಂಥ ಕಲಮು ಇರುವುದು ಸ್ವಾಗತಾರ್ಹ. ಆದರೆ ಅದರ ಅಳತೆಯನ್ನು ನೋಡಿ. ಅಪ್ರಾಪ್ತ ಮಗ ವಾಹನ ಚಲಾಯಿಸಿ ಅಪರಾಧವೆಸಗಿದರೆ ತಂದೆಗೆ ಮೂರು ವರ್ಷದವರೆಗೆ ಸೆರೆವಾಸ. ನೂರಾರು ಕೋಟಿಯ ಗುತ್ತಿಗೆ ಪಡೆದು ಸಾವಿನ ತಿರುವು ನಿರ್ಮಿಸಿದವನಿಗೆ ಹೆಚ್ಚೆಂದರೆ ಒಂದು ಲಕ್ಷ. ಹೆತ್ತವರ ಬಗ್ಗೆ ಇಷ್ಟು ಬಿಗಿಯಾದ ಕಾನೂನು ಗುತ್ತಿಗೆದಾರರ ಬಗ್ಗೆ ಇಷ್ಟು ಮೃದುವಾಗಿರುವುದು ಏಕೆಂದು ಸಂಸತ್ತಿನಲ್ಲಿ ಜನರ ಪರವಾಗಿ ಕುಳಿತವರು ಉತ್ತರಿಸಬೇಕು. ಇರುವ ಈ ಸಣ್ಣ ಅಸ್ತ್ರವನ್ನಾದರೂ ಬಳಸುವಂತೆ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಮುಂದೆ, ನ್ಯಾಯಾಲಯದ ಮುಂದೆ ನಾವು ಒತ್ತಾಯಿಸಬೇಕು.

ಇನ್ನು ನಮ್ಮ ಹೊಣೆಯ ಮಾತು. ಇದು ಕಹಿ. ಆದರೆ ಸಮುದಾಯದ ಹಿತ ಬಯಸುವವರು ಕಹಿಯನ್ನೂ ಹೇಳಬೇಕಾಗುತ್ತದೆ.

ನಮ್ಮ ಪೇಟೆಗಳ ಸಂಜೆಯನ್ನು ಗಮನಿಸಿ. ಒಂಬತ್ತನೆಯ, ಹತ್ತನೆಯ ತರಗತಿಯ ಹುಡುಗರು ಮೂವರು ಒಂದೇ ಬೈಕಿನಲ್ಲಿ ಹಾರಿಹೋಗುತ್ತಾರೆ. ಮದ್ರಸಕ್ಕೆ ಹೋಗುವ ಪುಟ್ಟ ತಮ್ಮನನ್ನು ಹದಿನಾಲ್ಕರ ಅಣ್ಣ ಸ್ಕೂಟರಿನಲ್ಲಿ ಬಿಟ್ಟುಬರುತ್ತಾನೆ. ತಂದೆ ಗಲ್ಫ್‌ನಲ್ಲಿ. ಮನೆಗೆ ಸಾಮಾನು ತರಲು, ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಬೇರೆ ಗಂಡುದಿಕ್ಕಿಲ್ಲ ಎಂದು ತಾಯಿ ಕೀಲಿಕೈ ಕೊಡುತ್ತಾಳೆ. ಅವಳ ಅಸಹಾಯಕತೆ ನಮಗೆ ಅರ್ಥವಾಗುತ್ತದೆ. ಆದರೆ ಊರಿನ ಮದುವೆಯಲ್ಲಿ ಮಗ ಬೈಕು ಓಡಿಸುವುದನ್ನು ತೋರಿಸಿ ಹೆಮ್ಮೆಪಡುವ ತಂದೆಯ ವಿಷಯದಲ್ಲಿ ಯಾವ ಅಸಹಾಯಕತೆಯಿದೆ? ಸೌದಿಯಲ್ಲಿ 2010ರಿಂದ 'ಸಾಹಿರ್' ಕ್ಯಾಮೆರಾ ಇದೆ. ದುಬೈಯಲ್ಲಿ 24 ಕಪ್ಪು ಅಂಕಗಳಾದರೆ ಪರವಾನಿಗೆ ಅಮಾನತಾಗುತ್ತದೆ. ಅಲ್ಲಿ ನಾಲ್ಕು ನಾಲ್ಕು ಬಾರಿ ಪರೀಕ್ಷೆ ಬರೆದು ಪರವಾನಿಗೆ ಪಡೆದು, ಕೆಂಪು ದೀಪದ ಮುಂದೆ ನಡುರಾತ್ರಿಯಲ್ಲೂ ನಿಲ್ಲುವ ಅದೇ ವ್ಯಕ್ತಿ ರಜೆಗೆ ಊರಿಗೆ ಬಂದಾಗ ಹೆಲ್ಮೆಟನ್ನು ಕೈಗೆ ತಗಲಿಸಿಕೊಂಡು ಹೋಗುತ್ತಾನೆ. ಅಲ್ಲಿ ಅವನು ಪಾಲಿಸಿದ್ದು ದಂಡದ ಭಯವನ್ನೇ ಹೊರತು ನಿಯಮವನ್ನಲ್ಲ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಪ್ರತಿಯೊಂದು ಮನೆಯೂ ತಿಳಿದಿರಲಿ. ಕಾಯ್ದೆಯ 199ಎ ಕಲಮಿನ ಪ್ರಕಾರ ಅಪ್ರಾಪ್ತನು ವಾಹನ ಚಲಾಯಿಸಿ ಅಪರಾಧವೆಸಗಿದರೆ ಪೋಷಕರು ಅಥವಾ ವಾಹನದ ಮಾಲಕರು ತಪ್ಪಿತಸ್ಥರೆಂದು ಪರಿಗಣಿಸಲಾಗುತ್ತದೆ. ತನಗೆ ತಿಳಿಯದೆ ನಡೆಯಿತೆಂದು ಸಾಬೀತುಪಡಿಸುವ ಭಾರ ಅವರ ಮೇಲೆಯೇ ಇದೆ. ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ, ಹನ್ನೆರಡು ತಿಂಗಳು ವಾಹನದ ನೋಂದಣಿ ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಪರವಾನಿಗೆ ಸಿಗುವುದಿಲ್ಲ. ಪರವಾನಿಗೆಯಿಲ್ಲದೆ ಗಲ್ಫ್‌ನಲ್ಲಾಗಲಿ ಊರಿನಲ್ಲಾಗಲಿ ಚಾಲಕನ, ವಿತರಕನ, ಮಾರಾಟ ಪ್ರತಿನಿಧಿಯ ಉದ್ಯೋಗ ಎಲ್ಲಿಂದ ಬರಬೇಕು? ಒಂದು ಸಂಜೆಯ ಸವಾರಿಗಾಗಿ ಮಗನ ಯೌವನದ ಏಳೆಂಟು ವರ್ಷಗಳನ್ನು ಒತ್ತೆಯಿಡುವುದು ಯಾವ ವಾತ್ಸಲ್ಯ?

ಇದಕ್ಕಿಂತಲೂ ಭೀಕರವಾದುದು ವಿಮೆಯ ಪ್ರಶ್ನೆ. ಪರವಾನಿಗೆಯಿಲ್ಲದವನು ಓಡಿಸಿದ ವಾಹನದಿಂದ ಯಾರಾದರೂ ಸತ್ತರೆ, ವಿಮಾ ಕಂಪೆನಿಯು ಸಂತ್ರಸ್ತರಿಗೆ ಪರಿಹಾರ ಕೊಟ್ಟರೂ ಆ ಹಣವನ್ನು ವಾಹನದ ಮಾಲಕನಿಂದ ವಸೂಲು ಮಾಡಬಹುದು ಎಂಬುದು ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲೇ ನೀಡಿದ ತೀರ್ಪಿನ ಸಾರ. ಪರಿಹಾರದ ಮೊತ್ತ ಹತ್ತಿಪ್ಪತ್ತು ಲಕ್ಷ ದಾಟುವುದು ಇಂದು ಸಾಮಾನ್ಯ. ಇಪ್ಪತ್ತು ವರ್ಷ ಮರಳುಗಾಡಿನಲ್ಲಿ ದುಡಿದು ಕಟ್ಟಿಸಿದ ಮನೆ ಒಂದು ತೀರ್ಪಿನಲ್ಲಿ ಹೋಗಬಹುದು. ಇನ್ನೊಂದು ತೀರ್ಪನ್ನೂ ಗಮನಿಸಬೇಕು. ಅರಸೀಕೆರೆಯ ಕಡೆಗೆ ಕಾರು ಚಲಾಯಿಸಿಕೊಂಡು ಹೋಗುತ್ತಿದ್ದಾಗ 2014ರಲ್ಲಿ ಮೃತಪಟ್ಟ ವ್ಯಕ್ತಿಯೊಬ್ಬರ ಕುಟುಂಬದ ಪರಿಹಾರದ ಕೋರಿಕೆಯನ್ನು 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಅತಿವೇಗ ಮತ್ತು ನಿರ್ಲಕ್ಷ್ಯದಿಂದ ತಾನೇ ಅಪಘಾತ ಮಾಡಿಕೊಂಡು ಸತ್ತವನ ವಾರಸುದಾರರಿಗೆ ವಿಮಾ ಕಂಪೆನಿ ಪರಿಹಾರ ಕೊಡಬೇಕಾಗಿಲ್ಲ ಎಂಬುದು ಅದರ ತಿರುಳು. ವೇಗದ ಮೋಜು ಮುಗಿದ ಮೇಲೆ ವಿಧವೆಗೂ ಅನಾಥ ಮಕ್ಕಳಿಗೂ ಉಳಿಯುವುದು ಬರಿಗೈ.

ಹೊಸ ತಂತ್ರಜ್ಞಾನವು ಹೊಸ ಭ್ರಮೆಗಳನ್ನೂ ತಂದಿದೆ. ವಿದ್ಯುತ್ ಸ್ಕೂಟರಿಗೆ ಪರವಾನಿಗೆ ಬೇಡ ಎಂದು ಅನೇಕರು ನಂಬಿದ್ದಾರೆ. ಈ ವಿನಾಯಿತಿ ಇರುವುದು ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ವೇಗದ, ಮೋಟಾರಿನ ಸಾಮರ್ಥ್ಯ 250 ವ್ಯಾಟ್ ಮೀರದ ವಾಹನಗಳಿಗೆ ಮಾತ್ರ. ಅದಕ್ಕಿಂತ ಹೆಚ್ಚಿನದು ಪೆಟ್ರೋಲಿನದಾಗಲಿ ಬ್ಯಾಟರಿಯದಾಗಲಿ, ನೋಂದಣಿ, ವಿಮೆ, ಪರವಾನಿಗೆ, ಹೆಲ್ಮೆಟ್ ಎಲ್ಲವೂ ಬೇಕು. ಹದಿನಾರರ ಹರೆಯದವರಿಗೆ ಕಾಯ್ದೆ ಅನುಮತಿಸುವುದು 50 ಸಿಸಿ ಮೀರದ ವಾಹನವನ್ನು. ಇಂದು ನಮ್ಮ ಮನೆಗಳಲ್ಲಿರುವ ಸ್ಕೂಟರುಗಳು ನೂರು, ನೂರಿಪ್ಪತ್ತೈದು ಸಿಸಿಯವು. ವೇಗ ಮಿತಿಯನ್ನು ಕಿತ್ತುಹಾಕಿ ಕೊಡುವ ಮೆಕ್ಯಾನಿಕ್ಕನ ಮಾತು ಕೇಳಿ ಹೆಣ್ಣುಮಗಳ ಕೈಗೆ ಬ್ಯಾಟರಿ ಸ್ಕೂಟರು ಕೊಡುವವರು, ಅಪಘಾತದ ದಿನ ಆ ಮೆಕ್ಯಾನಿಕ್ ಸಾಕ್ಷಿ ಹೇಳಲು ಬರುವುದಿಲ್ಲ ಎಂಬುದನ್ನು ನೆನಪಿಡಬೇಕು. ಟೋಲಿನಲ್ಲಿ ಫಾಸ್ಟ್ಯಾಗ್ ಬಂದಿದೆ. 2025ರ ಆಗಸ್ಟ್ 15ರಿಂದ ಖಾಸಗಿ ಕಾರುಗಳಿಗೆ 200 ಪ್ರಯಾಣಗಳ ವಾರ್ಷಿಕ ಪಾಸ್, ಆರಂಭದಲ್ಲಿ 3,000 ರೂಪಾಯಿಗೆ, ಬಂದಿತು. ಹಣ ವಸೂಲಿಗೆ ಇಷ್ಟು ಚುರುಕಾದ ಯಂತ್ರ ಇರುವ ನಾಡಿನಲ್ಲಿ ಕತ್ತಲೆಯ ತಿರುವಿಗೆ ಒಂದು ದೀಪ, ಶಾಲೆಯ ಮುಂದೆ ಒಂದು ವೇಗದ ಕ್ಯಾಮೆರಾ ಏಕೆ ಸಿಗುವುದಿಲ್ಲ? ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ 2023ರ ಬಳಿಕ ಕ್ಯಾಮೆರಾ ಮತ್ತು ಬಿಗಿ ತಪಾಸಣೆ ಬಂದ ಮೇಲೆ ಸಾವುಗಳು ಗಣನೀಯವಾಗಿ ಇಳಿದವು. ಅಲ್ಲಿ ಸಾಧ್ಯವಾದುದು ಕರಾವಳಿಯಲ್ಲಿ ಅಸಾಧ್ಯವಾಗಬಾರದು.

ಶಾಲಾ ವಾಹನದ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಮಕ್ಕಳ ಸಾರಿಗೆಗೆ ಸುಪ್ರೀಂ ಕೋರ್ಟ್ 1997ರಲ್ಲೇ ಸ್ಪಷ್ಟ ನಿರ್ದೇಶನಗಳನ್ನು ನೀಡಿತ್ತು. ಬಿಳಿ ಫಲಕದ ಖಾಸಗಿ ವ್ಯಾನಿನಲ್ಲಿ ಬಾಡಿಗೆಗೆ ಮಕ್ಕಳನ್ನು ಸಾಗಿಸುವುದು ಅಕ್ರಮ. ಅಪಘಾತವಾದರೆ ವಿಮೆಯ ರಕ್ಷಣೆಯೇ ಸಂಶಯಕ್ಕೊಳಗಾಗುತ್ತದೆ. ತಿಂಗಳಿಗೆ ಇನ್ನೂರು ರೂಪಾಯಿ ಉಳಿಯುತ್ತದೆಂದು ಹದಿನೈದು ಮಕ್ಕಳ ವ್ಯಾನಿಗೆ ತಮ್ಮ ಮಗುವನ್ನು ಹದಿನಾರನೆಯದಾಗಿ ತುರುಕುವವರು ತ್ರಾಸಿಯನ್ನು ನೆನಪಿಸಿಕೊಳ್ಳಲಿ. ನಮ್ಮ ಸಮುದಾಯದ ಶಾಲೆಗಳು ಮತ್ತು ಮದ್ರಸಗಳ ಆಡಳಿತ ಸಮಿತಿಗಳು ಕೂಡಾ ವಾಹನ ನಮ್ಮದಲ್ಲ, ಹೆತ್ತವರು ಮಾಡಿಕೊಂಡ ವ್ಯವಸ್ಥೆ ಎಂದು ಕೈತೊಳೆದುಕೊಳ್ಳಬಾರದು. ಗೇಟಿನ ಮುಂದೆ ಬಂದು ನಿಲ್ಲುವ ವ್ಯಾನಿನ ದಾಖಲೆಗಳನ್ನು ವರ್ಷಕ್ಕೆರಡು ಬಾರಿ ಕೇಳಿ ನೋಡುವುದಕ್ಕೆ ಖರ್ಚೇನೂ ಇಲ್ಲ.

ಅಪಘಾತವಾದ ಮೇಲೆ ಮಾಡಬೇಕಾದುದರ ಬಗ್ಗೆಯೂ ನಮ್ಮಲ್ಲಿ ಅಜ್ಞಾನ ತುಂಬಿದೆ. ಗಾಯಾಳುವನ್ನು ಎತ್ತಿದರೆ ಪೊಲೀಸರ ಕಿರುಕುಳ, ಕೋರ್ಟಿನ ಅಲೆದಾಟ ಎಂಬ ಹೆದರಿಕೆಯಿಂದ ಜನರು ದೂರ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾರೆ. 2016ರಲ್ಲಿ ಸುಪ್ರೀಂ ಕೋರ್ಟ್ ನೆರವಿಗೆ ಬರುವವರ ರಕ್ಷಣೆಯ ಮಾರ್ಗಸೂಚಿಗೆ ಕಾನೂನಿನ ಬಲ ನೀಡಿತು. ಕರ್ನಾಟಕ ಇದಕ್ಕಾಗಿಯೇ ಪ್ರತ್ಯೇಕ ಕಾಯ್ದೆಯನ್ನು ತಂದಿತು. 2019ರ ತಿದ್ದುಪಡಿಯ 134ಎ ಕಲಮೂ ಅದನ್ನೇ ಹೇಳುತ್ತದೆ. ಗಾಯಾಳುವನ್ನು ಆಸ್ಪತ್ರೆಗೆ ತಲುಪಿಸಿದವನು ತನ್ನ ಹೆಸರು, ವಿಳಾಸ ಹೇಳಬೇಕೆಂಬ ಬಲವಂತವಿಲ್ಲ. 2025ರ ಮೇಯಲ್ಲಿ ಕೇಂದ್ರ ಸರಕಾರ ಅಧಿಸೂಚನೆ ಹೊರಡಿಸಿದ ನಗದುರಹಿತ ಚಿಕಿತ್ಸಾ ಯೋಜನೆಯಂತೆ ಗಾಯಾಳುವಿಗೆ ಅಪಘಾತವಾದ ದಿನದಿಂದ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ನಿಗದಿತ ಆಸ್ಪತ್ರೆಗಳಲ್ಲಿ ದೊರೆಯಬೇಕು. ಢಿಕ್ಕಿ ಹೊಡೆದ ವಾಹನ ಪರಾರಿಯಾದರೆ ಏನೂ ಸಿಗದು ಎಂದು ಬಡ ಕುಟುಂಬಗಳು ಕೈಚೆಲ್ಲಿ ಕೂರುತ್ತವೆ. 2022ರ ಎಪ್ರಿಲ್‌ನಿಂದ ಇಂಥ ಸಾವಿಗೆ ಎರಡು ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರದ ಯೋಜನೆಯಿದೆ. ಅರ್ಜಿ ಸಲ್ಲಿಸಬೇಕಾದುದು ಕಂದಾಯ ಅಧಿಕಾರಿಗೆ. ಪರಿಹಾರದ ದಾವೆಗೆ ತಿದ್ದುಪಡಿಯು ಆರು ತಿಂಗಳ ಮಿತಿ ಹಾಕಿತು. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದ್ದು, ತಡವಾಯಿತೆಂಬ ಕಾರಣಕ್ಕೆ ಅರ್ಜಿಗಳನ್ನು ವಜಾಗೊಳಿಸಬಾರದೆಂದು 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶವೂ ಬಂದಿತು. ಆದರೂ ಯಾರೂ ಕಾಯುತ್ತಾ ಕುಳಿತುಕೊಳ್ಳಬಾರದು. ನಲ್ವತ್ತನೆಯ ದಿನದ ಊಟಕ್ಕೆ ಸೇರುವ ಬಂಧುಗಳಲ್ಲಿ ಒಬ್ಬನಾದರೂ ಎಫ್‌ಐಆರ್ ಪ್ರತಿಯನ್ನು ಹಿಡಿದು ವಕೀಲರಲ್ಲಿಗೆ ಹೋಗುವಂತಾದರೆ ಎಷ್ಟೋ ವಿಧವೆಯರ ಬದುಕು ಹಸನಾದೀತು.

ದಾರಿಯಿಂದ ಮುಳ್ಳನ್ನು ಸರಿಸುವುದನ್ನು ಪ್ರವಾದಿಯವರು(ಸ) ವಿಶ್ವಾಸದ ಒಂದು ಅಂಶವೆಂದು ಕಲಿಸಿದರು. ದಾರಿಗೂ ಅದರದೇ ಹಕ್ಕುಗಳಿವೆ ಎಂದು ನೆನಪಿಸಿದರು. ಹೀಗಿರುವಾಗ ಶುಕ್ರವಾರ ಮಸೀದಿಯ ಮುಂದೆ ರಸ್ತೆಯ ಅರ್ಧಭಾಗವನ್ನು ಬೈಕುಗಳಿಂದ ಮುಚ್ಚಿ ಒಳಗೆ ಮುಂದಿನ ಸಾಲಿಗೆ ಧಾವಿಸುವವನು ಯಾರ ಹಕ್ಕನ್ನು ಕಸಿಯುತ್ತಿದ್ದಾನೆಂದು ಯೋಚಿಸಲಿ. ಮದುವೆಯ ದಿಬ್ಬಣದಲ್ಲಿ ಕಾರಿನ ಕಿಟಕಿಯಿಂದ ಹೊರಗೆ ಕುಳಿತು ಹೆದ್ದಾರಿಯನ್ನು ಅಡ್ಡಗಟ್ಟುವ ಯುವಕರಿಗೆ ಬುದ್ಧಿ ಹೇಳಬೇಕಾದವರು ಅದೇ ದಿಬ್ಬಣದಲ್ಲಿರುವ ಹಿರಿಯರು. ವರ್ಷದಲ್ಲಿ ಒಂದೆರಡು ಖುತ್ಬಾಗಳಾದರೂ ಈ ವಿಷಯಕ್ಕೆ ಮೀಸಲಾಗಲಿ. ನಿಕಾಹ್‌ನ ಉಡುಗೊರೆಗಳ ಪಟ್ಟಿಯಲ್ಲಿ ಬೈಕು ಸೇರಿಸುವ ಕೆಟ್ಟ ಪದ್ಧತಿ ನಿಲ್ಲಲಿ. ಜಮಾಅತ್‌ಗಳು ತಮ್ಮ ಮೊಹಲ್ಲಾದಲ್ಲಿ ಪರವಾನಿಗೆ ಇಲ್ಲದ ಹದಿಹರೆಯದವರಿಗೆ ವಾಹನ ಕೊಡಬಾರದೆಂಬ ತೀರ್ಮಾನ ಕೈಗೊಳ್ಳಲಿ. ತಂದೆ ಊರಲ್ಲಿಲ್ಲದ ಮನೆಗಳ ಅಗತ್ಯಗಳಿಗೆ ನೆರವಾಗುವ ವ್ಯವಸ್ಥೆಯನ್ನೂ ಜೊತೆಯಲ್ಲೇ ಮಾಡಲಿ. ಮಹಿಳೆಯರು ಪರವಾನಿಗೆ ಪಡೆದು ತಾವೇ ವಾಹನ ಚಲಾಯಿಸಲು ಕಲಿಯುವುದು ಇದಕ್ಕೆ ಅತ್ಯಂತ ಸರಳವಾದ ಪರಿಹಾರ. ಮಗನ ಕೈಗೆ ಅಕ್ರಮವಾಗಿ ಕೀಲಿ ಕೊಡಲು ಹಿಂಜರಿಯದ ಮನೆಗಳು ತಾಯಿ ಸಕ್ರಮವಾಗಿ ಕಲಿಯಲು ಹಿಂಜರಿಯುವುದು ವಿಚಿತ್ರ.

ಸಾಸ್ತಾನದ ಹೋರಾಟಗಾರರಲ್ಲಿ ನಮ್ಮದೊಂದು ಮನವಿಯಿದೆ. ಟೋಲಿನ ವಿನಾಯಿತಿಯ ಬೇಡಿಕೆ ಮುಂದುವರಿಯಲಿ. ಅದರ ಜೊತೆಗೆ ಇನ್ನೊಂದು ಬೇಡಿಕೆಯ ಪಟ್ಟಿಯೂ ಸಿದ್ಧವಾಗಲಿ. ಎಲ್ಲೆಲ್ಲಿ ಸರ್ವಿಸ್ ರಸ್ತೆ ಇಲ್ಲ, ಎಲ್ಲಿ ದೀಪವಿಲ್ಲ, ಯಾವ ಶಾಲೆಯ ಮುಂದೆ ದಾಟಲು ದಾರಿಯಿಲ್ಲ, ಟೋಲ್ ಕೇಂದ್ರದಲ್ಲಿ ಆಂಬುಲೆನ್ಸಿನ ಪಥ ಇಪ್ಪತ್ತನಾಲ್ಕು ಗಂಟೆಯೂ ತೆರವಾಗಿದೆಯೇ ಎಂಬುದನ್ನು ಊರವರೇ ನಡೆದು ನೋಡಿ ಬರೆಯಲಿ. ಆ ಪಟ್ಟಿಯನ್ನು ಜಿಲ್ಲಾಧಿಕಾರಿಗೂ ಹೆದ್ದಾರಿ ಪ್ರಾಧಿಕಾರಕ್ಕೂ ಸಂಸದರಿಗೂ ಕೊಟ್ಟು, ದಿನಾಂಕ ಹಾಕಿದ ಉತ್ತರ ಪಡೆಯಲಿ. ಮುಂದೆ ಅಲ್ಲಿ ಅಪಘಾತವಾದರೆ 'ನಮಗೆ ತಿಳಿದಿರಲಿಲ್ಲ' ಎಂದು ಹೇಳುವ ಅವಕಾಶ ಯಾರಿಗೂ ಉಳಿಯಬಾರದು. ಟೋಲಿಗಾಗಿ ಒಂದಾದ ಊರು ಜೀವಕ್ಕಾಗಿ ಒಂದಾಗುವುದು ಕಷ್ಟವೇನಲ್ಲ. ಹೆದ್ದಾರಿಯು ಸವಾರನ ಧರ್ಮ ಕೇಳಿ ಬಲಿ ಪಡೆಯುವುದಿಲ್ಲ. ಅದನ್ನು ಸುರಕ್ಷಿತಗೊಳಿಸುವ ಕೆಲಸವೂ ಧರ್ಮ ಕೇಳಿ ಹಂಚಿಕೊಳ್ಳುವಂಥದ್ದಲ್ಲ. ಆ ಪಟ್ಟಿಯನ್ನು ಹಿಡಿದು ಮೊದಲು ಹೊರಡುವವರಲ್ಲಿ ನಮ್ಮವರೂ ಇರಲಿ. ಹೊರಡುವಾಗ ಅವರ ತಲೆಯ ಮೇಲೆ ಹೆಲ್ಮೆಟ್ ಇರಲಿ.